ಆಯುಧಪೂಜೆಯ ದಿನದ ಓರೆಗೀಟು

ಹೊಸ ತಿಪ್ಪಸಂದ್ರದ ನಮ್ಮ ಮನೆಯ ಕೆಳಭಾಗವನ್ನು ನಾನು ಬ್ಯಾಂಕಿನವರಿಗೆ ಕೊಡಲಿಲ್ಲ, ಔಷಧಿ ಅಂಗಡಿಯವರಿಗೂ ಕೊಡಲಿಲ್ಲ. ಒಂದು ಸಣ್ಣ ಕಂಪ್ಯೂಟರ್ ಆಫೀಸಿಗೆ ಕೊಟ್ಟೆ. ಮುದುಕಿಗೆ ತಲೆ ಕೆಟ್ಟಿದೆ ಎಂದರು ನೆಂಟರು. ಕೆಟ್ಟಿರಲಿಲ್ಲ. ಬಾಡಿಗೆ ಕೇಳಿಕೊಂಡು ಬಂದವರಲ್ಲಿ ನನ್ನ ಷರತ್ತಿಗೆ ಒಪ್ಪಿದವರು ಅವರೊಬ್ಬರೇ. ಷರತ್ತು ಏನೆಂದರೆ ನನ್ನ ಸೊಸೆಗೆ ಅಲ್ಲಿ ಕೆಲಸ ಕೊಡಬೇಕು.

ಮಗ ಕಾಮಾಲೆಯಿಂದ ಹೋಗಿ ಆಗ ವರ್ಷ ದಾಟಿತ್ತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಸೊಸೆಯ ಅಣ್ಣಂದಿರು ಚಿಂತಾಮಣಿಯಿಂದ ಬಂದು, ಇಲ್ಲಿ ಇನ್ನೇನಿದೆ, ಮಗೂನ ಕರ್ಕೊಂಡು ನಡಿ ಎಂದು ಹೇಳಿಹೋಗಿದ್ದರು. ಅವಳು ಎಂಸಿಎ ಓದಿದವಳು. ಕೆಲಸ ಸಿಕ್ಕರೆ ಇರುತ್ತೇನೆ, ಇಲ್ಲದಿದ್ದರೆ ಅಣ್ಣನ ಮನೆಗೆ ಹೋಗುತ್ತೇನೆ ಎಂದು ನನಗೆ ನೇರವಾಗಿಯೇ ಹೇಳಿದ್ದಳು. ಮೊಮ್ಮಗಳಿಗೆ ನಾಲ್ಕು ವರ್ಷ. ನಡಿಗೆ, ನಿದ್ದೆ, ಸಿಟ್ಟು ಎಲ್ಲ ನನ್ನ ಮಗನದೇ. ನನಗೆ ಆ ಮಗು ಬೇಕಿತ್ತು. ಸೊಸೆ ಬೇಕಿತ್ತೇ ಎಂದು ಕೇಳಿದರೆ, ಮಗು ಬೇಕಾದರೆ ಸೊಸೆಯೂ ಬೇಕು, ಅಷ್ಟೆ. ಕೆಳಗಿನ ಆಫೀಸು ಇರುವವರೆಗೆ ಮೇಲೆ ಮಗು ಇರುತ್ತದೆ. ಇದು ನನ್ನ ಲೆಕ್ಕ.

ನಾನು ಓದಿದ್ದು ಹಲಸೂರಿನ ಕಾರ್ಪೊರೇಷನ್ ಶಾಲೆಯಲ್ಲಿ, ನಾಲ್ಕನೆಯ ಕ್ಲಾಸಿನವರೆಗೆ. ಆ ಆಫೀಸಿನ ಕೆಲಸ ನನಗೆ ಅರ್ಥವಾಗಬೇಕಾದ ಅಗತ್ಯವೇನೂ ಇರಲಿಲ್ಲ. ಆದರೆ ಅದು ಕೆಟ್ಟಾಗ ನನ್ನ ಮನೆಯೇ ಅಲ್ಲಾಡಿತು. ಆದ್ದರಿಂದ ಕೇಳಿ ಕೇಳಿ ತಿಳಿದುಕೊಂಡೆ. ತಪ್ಪು ಬರೆದಿದ್ದರೆ ತಿಳಿದವರು ತಿದ್ದಿಕೊಳ್ಳಲಿ.

ಆಫೀಸಿನಲ್ಲಿ ಇದ್ದವರು ಮೂವರು. ಯಜಮಾನ ಹೊರದೇಶದಲ್ಲಿ ಓದಿ ಬಂದವನು. ನಲವತ್ತರ ಆಸುಪಾಸು. ಎಲ್ಲರೂ ಸರ್ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆಯುತ್ತಿದ್ದೆ. ಇನ್ನೊಬ್ಬ ಫ್ರೇಜರ್ ಟೌನಿನವನು, ಕ್ರಿಶ್ಚಿಯನ್ನರವನು. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ. ಮೂರನೆಯವಳು ನನ್ನ ಸೊಸೆ. ಆಸ್ಪತ್ರೆಗಳಲ್ಲಿ ಎಳೆಕೂಸುಗಳಿಗೆ ಔಷಧಿಯನ್ನು ಹನಿಹನಿಯಾಗಿ ಬಿಡುವ ಪಂಪು ಇರುತ್ತದಲ್ಲ, ಅದು ಎಷ್ಟು ಬಿಡಬೇಕು ಎಂದು ಹೇಳುವ ಪ್ರೋಗ್ರಾಮು ಇವರದು.

ಅದನ್ನು ಬರೆಯುತ್ತಿದ್ದ ಕಂಪ್ಯೂಟರ್ ಭಾಷೆ ಎಲ್ಲರೂ ಬಳಸುವಂಥದ್ದಲ್ಲವಂತೆ. ಫ್ರೇಜರ್ ಟೌನಿನವನು ಒಂದು ದಿನ ಕಾಫಿ ಕುಡಿಯುತ್ತಾ ಹೆಮ್ಮೆಯಿಂದ ಹೇಳಿದ.

"ಇದ್ರಲ್ಲಿ ಎಲ್ಲಾ ಫಂಕ್ಷನ್ನೇ ಅಮ್ಮಾ, ಗಣಿತದ ಸೂತ್ರ ತರ. ಬೆಂಗ್ಳೂರಲ್ಲಿ ಇದು ಬರೋರ್ನೆಲ್ಲ ಒಂದೇ ಆಟೋಲಿ ಕೂರಿಸ್ಬೋದು."

"ಹಂಗಾದ್ರೆ ಕೆಟ್ರೆ ರಿಪೇರಿ ಮಾಡೋರು ಯಾರು?"

ಅವನು ನಕ್ಕ. ನಾನು ತಮಾಷೆಗೆ ಕೇಳಿರಲಿಲ್ಲ.

"ಕೆಡಲ್ಲ ಅಮ್ಮಾ. ಪ್ರತಿಯೊಂದಕ್ಕೂ ಒಂದು ಟೈಪ್ ಇರತ್ತೆ. ತೂಕ ಒಂದು ಟೈಪು, ಗಂಟೆ ಒಂದು ಟೈಪು. ತೂಕಾನ ತಗೊಂಡೋಗಿ ಗಂಟೆಗೆ ಕೂಡ್ಸಿದ್ರೆ, ಪ್ರೋಗ್ರಾಂ ಓಡೋಕೆ ಮುಂಚೇನೆ ಮಿಷಿನ್ನು ಬೈದು ನಿಲ್ಲಿಸ್ಬಿಡತ್ತೆ. ಜಾತಿ ತರ. ಒಂದ್ರೊಳಗೆ ಇನ್ನೊಂದು ಸೇರ್ಸಲ್ಲ."

"ಅಯ್ಯೋ, ಅದನ್ನ ಮಿಷಿನ್ನಿಗೂ ಅಂಟಿಸಿಬಿಟ್ರಾ?"

"ಮಿಷಿನ್ನಿಗೆ ಒಳ್ಳೇದು ಅಮ್ಮಾ. ಮನುಷ್ಯರಿಗೆ ಬೇಡ."

ಸಂಖ್ಯೆಗಳ ನಡುವೆ ಓರೆಗೀಟು ಎಳೆದರೆ ಭಾಗಾಕಾರ ಎಂದು ನನಗೂ ಗೊತ್ತು. ಇವರು ಟೈಪುಗಳ ನಡುವೆಯೂ ಅದೇ ಗೀಟು ಹಾಕಿದ್ದರು. ಮಿಲಿಗ್ರಾಂ, ಗೀಟು, ಕಿಲೋ, ಗೀಟು, ಗಂಟೆ. ನರ್ಸುಗಳು ಚೀಟಿಯಲ್ಲಿ ಬರೆಯುವ ಹಾಗೆಯೇ. ಕೂಸಿನ ಒಂದು ಕಿಲೋ ತೂಕಕ್ಕೆ, ಒಂದು ಗಂಟೆಗೆ, ಇಷ್ಟು ಮಿಲಿಗ್ರಾಂ ಎಂದು ಅರ್ಥ. ಅಳತೆಯ ಹೆಸರುಗಳನ್ನೇ ಹೀಗೆ ಲೆಕ್ಕ ಮಾಡಿಸುವುದು ಸರ್ ಅವರ ಯೋಜನೆ. ಆ ಭಾಗವನ್ನು ತಮ್ಮದೇ ಒಂದು ಫೈಲಿನಲ್ಲಿ ಬರೆದಿದ್ದರು, ಅದರ ಮೇಲೆ ಅವರಿಗೆ ಬಹಳ ಅಭಿಮಾನ.

ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ತೊಂದರೆ ಶುರುವಾಯಿತು. ಸೊಸೆ ಬರೆದ ಲೆಕ್ಕವನ್ನು ಕಂಪ್ಯೂಟರು ಒಪ್ಪಲಿಲ್ಲ. ಮೊದಲು ತೂಕದಿಂದ ಭಾಗಿಸು, ಬಂದದ್ದನ್ನು ಗಂಟೆಯಿಂದ ಭಾಗಿಸು ಎಂದು ಇವಳು ಬರೆದರೆ, ಟೈಪು ಹೊಂದುತ್ತಿಲ್ಲ ಎಂದು ಅದು ಪರದೆ ತುಂಬ ಕಾರುತ್ತಿತ್ತು. ಇವಳು ಮತ್ತೆ ನೋಡುವಳು. ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಕಂಪ್ಯೂಟರು ಮತ್ತೆ ಬೈಯುವುದು. ಸರಿ ಇರುವುದನ್ನು ತಪ್ಪು ಎಂದು ಯಾರಾದರೂ ಎದುರಿಗೆ ನಿಂತು ದಿನವಿಡೀ ಹೇಳುತ್ತಿದ್ದರೆ ಮನುಷ್ಯ ಏನಾಗುತ್ತಾನೆ? ಇವಳು ಊಟ ಬಿಟ್ಟಳು. ಮಗುವಿಗೆ ಜಡೆ ಹಾಕಲು ಕೂತರೆ ಅರ್ಧ ಹಾಕಿ ಸುಮ್ಮನಾಗುವಳು.

ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯವರು ದಸರಾ ಮುಗಿದ ಮಾರನೆಯ ದಿನ ಪ್ರೋಗ್ರಾಮು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಆಫೀಸು ನಡೆಯುತ್ತದೆ, ಒಪ್ಪದಿದ್ದರೆ ದೀಪಾವಳಿಯೊಳಗೆ ಬಾಗಿಲು ಹಾಕುತ್ತೇನೆ ಎಂದು ಸರ್ ಮೂವರೆದುರಿಗೂ ಹೇಳಿದ್ದರು. ಆ ಮೂವರಲ್ಲಿ ನಾನೂ ಒಬ್ಬಳು. ಅಂದಿನಿಂದ ನನಗೂ ಅನ್ನ ಸೇರಲಿಲ್ಲ. ಅಷ್ಟರಲ್ಲಿ ಅವಳ ದೊಡ್ಡಣ್ಣ ಫೋನು ಮಾಡಿದ. "ಹಬ್ಬಕ್ಕೆ ಬರೋದಾದ್ರೆ ಸಾಮಾನು ಕಟ್ಕೊಂಡೇ ಬಾ" ಎಂದದ್ದು ಪಕ್ಕದಲ್ಲಿ ಕೂತ ನನಗೂ ಕೇಳಿಸಿತು. ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದನೋ ಏನೋ.

ಹಬ್ಬಕ್ಕೆ ಎರಡು ದಿನ ಇದೆ ಎನ್ನುವಾಗ ಫ್ರೇಜರ್ ಟೌನಿನವನು ಕೆಳಗಿನಿಂದ "ಓಡ್ತು! ಅಕ್ಕಾ, ಓಡ್ತು!" ಎಂದು ಕೂಗಿದ. ಸೊಸೆ ಒದ್ದೆ ಕೈಯಲ್ಲೇ ಇಳಿದು ಹೋದಳು. ಅವನು ಮಾಡಿದ್ದು ಇಷ್ಟೆ. ಭಾಗಾಕಾರವನ್ನು ಹಿಂದುಮುಂದು ಮಾಡಿ ಬರೆದ. ಕಂಪ್ಯೂಟರು ಬೈಯುವುದನ್ನು ನಿಲ್ಲಿಸಿತು. ಸರ್ ಅವನ ಬೆನ್ನು ತಟ್ಟಿದರು. ಅಂದು ನಾನು ಹೆಸರುಬೇಳೆ ಪಾಯಸ ಮಾಡಿದೆ.

ಆಯುಧಪೂಜೆಯ ಬೆಳಿಗ್ಗೆ, ಇನ್ನೂ ಪೂಜೆಗೆ ಇಡುವ ಮೊದಲು, ಸೊಸೆ ಅದನ್ನು ಮತ್ತೊಮ್ಮೆ ನೋಡಿದಳು. ಅವನು ಪರೀಕ್ಷೆ ಮಾಡಿದ್ದೆಲ್ಲ ಒಂದು ಗಂಟೆಯ ಲೆಕ್ಕದಲ್ಲಿ. ಇವಳು ಎರಡು ಗಂಟೆ ಎಂದು ಕೊಟ್ಟಳು. ಬರಬೇಕಾದ್ದರ ನಾಲ್ಕು ಪಟ್ಟು ಬಂತು.

ಸರ್ ಊರಿಗೆ ಹೊರಟು ಬ್ಯಾಗು ಹಿಡಿದು ನಿಂತಿದ್ದರು. ಪೂಜೆ ಮುಗಿಸಿಕೊಂಡು ಮಧ್ಯಾಹ್ನದ ಬಸ್ಸು ಹಿಡಿಯಬೇಕಿತ್ತು. ಇವಳು ವಿಷಯ ಹೇಳಿದಳು. ಸರ್ ಒಪ್ಪಲಿಲ್ಲ.

"ಎಲ್ಲೋ ಒಂದ್ಕಡೆ ನೀವೇ ತಪ್ಪು ಕೊಟ್ಟಿರ್ತೀರ."

"ಇಲ್ಲ ಸರ್. ಮೂರು ಕೊಟ್ರೆ ಒಂಬತ್ತು ಪಟ್ಟು ಬರತ್ತೆ. ನಿಮ್ಮ ಫೈಲಲ್ಲಿ ಗೀಟು ಹೆಂಗೆ ಸೇರತ್ತೆ ಅಂತ ನೋಡ್ಬೇಕಿತ್ತು."

"ನನ್ನ ಫೈಲಲ್ಲಿ ಏನೂ ಇಲ್ಲಮ್ಮ. ಬಂದ್ಮೇಲೆ ನೋಡೋಣ. ಪೂಜೆಗಿಟ್ಟ ಮೇಲೆ ಮಿಷಿನ್ ಮಾತ್ರ ಮುಟ್ಬೇಡಿ."

ಪೂಜೆ ಮಾಡಿದವಳು ನಾನೇ. ನನ್ನ ಗಂಡ ಕಾರ್ಖಾನೆಯಲ್ಲಿದ್ದಾಗ ಆಯುಧಪೂಜೆಯ ದಿನ ಲೇತು ಮಿಷಿನ್ನಿಗೆ ಬಾಳೆಕಂದು ಕಟ್ಟಿದರೆ, ಮಾರನೆಯ ದಿನ ಪೂಜೆ ಕದಲಿಸುವವರೆಗೆ ಒಂದು ಸ್ಪ್ಯಾನರ್ ಕೂಡ ಮುಟ್ಟುತ್ತಿರಲಿಲ್ಲ. ಮನೆಯಲ್ಲಿ ನಾನು ಈಳಿಗೆಮಣೆ ಪೂಜೆಗಿಟ್ಟರೆ ಅಂದು ತರಕಾರಿ ಹೆಚ್ಚುತ್ತಿರಲಿಲ್ಲ, ಮೊದಲೇ ಹೆಚ್ಚಿಟ್ಟುಕೊಳ್ಳುತ್ತಿದ್ದೆ. ಅದೇ ಪ್ರಕಾರ ಮೂರು ಕಂಪ್ಯೂಟರಿಗೂ ಅರಿಸಿನ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟೆ. ಗೇಟಿನಲ್ಲಿ ಬೂದುಗುಂಬಳ ಒಡೆದದ್ದಾಯಿತು. ಸರ್ ಪ್ರಸಾದ ತೆಗೆದುಕೊಂಡು ಹೋದರು. ಹೋದಮೇಲೆ ಅವರ ಫೋನು ಸಿಗಲಿಲ್ಲ.

ಮೇಲೆ ಬಂದು ಸೊಸೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಏನಾಗಿದೆ, ನನಗೆ ತಿಳಿಯುವ ಹಾಗೆ ಹೇಳು ಎಂದೆ.

"ನೂರು ಸೇರು ಅಕ್ಕಿ ಇದೆ ಅಂದ್ಕೊಳಿ ಅತ್ತೆ. ಐವತ್ತು ಜನ, ಎರಡು ಊಟ. ಒಬ್ರಿಗೆ ಒಂದು ಊಟಕ್ಕೆ ಎಷ್ಟು?"

"ಒಂದು ಸೇರು. ಯಾರ್ ಮನೆ ಮದ್ವೆ, ಇಷ್ಟೊಂದು ತಿನ್ನೋರು?"

ಅವಳು ನಗಲಿಲ್ಲ. "ನಾವು ಮೊದ್ಲು ಜನಕ್ಕೆ ಹಂಚ್ತೀವಿ, ಆಮೇಲೆ ಊಟಕ್ಕೆ. ಇದು ಹಿಂದಿನಿಂದ ಬರ್ತಿದೆ. ಐವತ್ತು ಜನಾನ ಮೊದ್ಲು ಎರಡು ಊಟದಿಂದ ಭಾಗಿಸ್ತು, ಇಪ್ಪತ್ತೈದಾಯ್ತು. ಆಮೇಲೆ ಅಕ್ಕೀನ ಇಪ್ಪತ್ತೈದಕ್ಕೆ ಹಂಚ್ತು."

"ನಾಲ್ಕು ಸೇರು."

"ಒಂದೇ ಊಟ ಆಗಿದ್ರೆ ಯಾವ ಕಡೆಯಿಂದ ಬಂದ್ರೂ ಅಷ್ಟೇ. ಅದಕ್ಕೇ ಇಷ್ಟು ದಿನ ಗೊತ್ತಾಗ್ಲಿಲ್ಲ. ಟೈಪಲ್ಲಿ ಅದು ಹಿಂದಿನಿಂದ ಸೇರಿಸ್ಕೊಂಡು, ನಾನು ಮುಂದಿನಿಂದ ಬರೆದ ಲೆಕ್ಕಾನ ತಪ್ಪು ಅಂತಿತ್ತು. ಅವನು ಅದ್ರ ಬಾಯಿ ಮುಚ್ಚಿಸೋಕೆ ಲೆಕ್ಕಾನೇ ಹಿಂದಿನಿಂದ ಮಾಡ್ಬಿಟ್ಟ."

ಅಕ್ಕಿಯಾದರೆ ಅಜೀರ್ಣವಾಗುತ್ತದೆ. ಇದು ಕೈಯಗಲದ ಕೂಸಿನ ನರಕ್ಕೆ ಹೋಗುವ ಔಷಧಿ.

ಎರಡು ಗೀಟು ಒಟ್ಟಿಗೆ ಬಂದರೆ ಯಾವ ಕಡೆಯಿಂದ ಸೇರಬೇಕು ಎಂದು ಹೇಳುವ ಸಾಲು ಒಂದು ಕಡೆ ಇರುತ್ತದಂತೆ. ಅದು ಇದ್ದದ್ದು ಸರ್ ಅವರ ಫೈಲಿನಲ್ಲಿ. ಆ ಫೈಲು ಉಳಿದಿಬ್ಬರಿಗೆ ಮುಚ್ಚಳ ಬೆಸೆದ ಡಬ್ಬದಂತೆ ಬರುತ್ತಿತ್ತು. ಬಳಸಬಹುದು, ಒಳಗೆ ನೋಡುವಂತಿಲ್ಲ. ನೋಡಬೇಕಾದರೆ ಅವರ ಕಂಪ್ಯೂಟರನ್ನೇ ತೆರೆಯಬೇಕು. ಅವರ ಕೆಲಸಕ್ಕೆ ಯಾರೂ ಕೈ ಹಾಕಬಾರದು ಎನ್ನುವುದು ಆ ಆಫೀಸಿನ ರೀತಿ. ಅದೂ ಅಲ್ಲದೆ ಈಗ ಅದು ಹೂವು ಮುಡಿದು ದೇವರಾಗಿ ಕೂತಿತ್ತು. ನಾಳೆ ಕದಲಿಸುವವರೆಗೆ ಕಾದರೆ ಉಳಿಯುವುದು ಒಂದೇ ದಿನ.

ನಾವಿಬ್ಬರೂ ಕೆಳಗೆ ಇಳಿದೆವು. ಫ್ರೇಜರ್ ಟೌನಿನವನು ಎಲೆಯಲ್ಲಿ ಕಡಲೆಕಾಳು ಉಸಲಿ ತಿನ್ನುತ್ತಿದ್ದ. ಅವನ ಮುಖವೂ ಇಳಿದುಹೋಗಿತ್ತು.

"ನಂಗೆ ನಿಮ್ ಪೂಜೆ ಲೆಕ್ಕ ಇಲ್ವಲ್ಲ ಅಮ್ಮಾ. ನಾನ್ ಮುಟ್ತೀನಿ. ಪಾಪ ಬಂದ್ರೆ ನಮ್ ಚರ್ಚಲ್ಲಿ ನೋಡ್ಕೋತೀನಿ."

"ಮೊದ್ಲು ಉಸಲಿ ಕೈ ತೊಳ್ಕೊ. ಇಟ್ಟೋಳು ನಾನು, ತೆಗೆಯೋಳೂ ನಾನೇ."

"ಅತ್ತೆ, ಬೇಡ. ಏನಾದ್ರೂ ಆದ್ರೆ..." ಎಂದಳು ಸೊಸೆ.

"ಆಗೋದೆಲ್ಲ ಆಗಿದೆ. ಇನ್ನೇನಾಗ್ಬೇಕು?"

ಒಂದು ಲೋಟದಲ್ಲಿ ಹಾಲು ತಂದು, ತುದಿಬೆರಳಿನಿಂದ ಒಂದು ತೊಟ್ಟು ನಿಂಬೆಹಣ್ಣಿನ ಮೇಲೆ ಬಿಟ್ಟು, ಕಂಪ್ಯೂಟರನ್ನು ಒಂದು ಬೆರಳಿನಷ್ಟು ಉತ್ತರಕ್ಕೆ ಸರಿಸಿದೆ. ಮತ್ತೆ ಬಾ ಎಂದು ಹೇಳಿದೆ. ಕಲಶ ಕದಲಿಸುವಾಗ ಮಾಡುವುದು ಇಷ್ಟೇ. ಒಂದು ದಿನ ಮುಂಚೆ ಮಾಡಿದೆ, ಅಷ್ಟೆ. ಹಾರ ತೆಗೆಯುವಾಗ ಭಯವಿತ್ತು. ದೇವರ ಭಯವಲ್ಲ. ಒಳಗೆ ಏನೂ ಸಿಗದಿದ್ದರೆ ಎನ್ನುವ ಭಯ.

ಸಿಕ್ಕಿತು. ಬೇಗನೇ ಸಿಕ್ಕಿತು. ಈ ಗೀಟು ಬಲದಿಂದ, ಅಂದರೆ ಹಿಂದಿನಿಂದ, ಸೇರಲಿ ಎಂದು ಒಂದೇ ಒಂದು ಸಾಲು. ಸೊಸೆ ಬಲವನ್ನು ಎಡ ಮಾಡಿದಳು. ಮುಗಿಯಿತು ಎಂದುಕೊಂಡೆ ನಾನು. ಅವಳು ಕಂಪ್ಯೂಟರಿಗೆ ಓದಲು ಕೊಟ್ಟಳು. ಪರದೆ ಬೈಗುಳದಿಂದ ತುಂಬಿತು. ಮೇಲಕ್ಕೆ ಹೋಗುತ್ತಲೇ ಇತ್ತು, ನಿಲ್ಲಲಿಲ್ಲ.

ಸರ್ ಅದೇ ಗೀಟನ್ನು ಇನ್ನೊಂದು ಕೆಲಸಕ್ಕೂ ಇಟ್ಟುಕೊಂಡಿದ್ದರಂತೆ, ಬಲದಿಂದ ಸೇರಿದರೆ ಮಾತ್ರ ನಡೆಯುವಂಥ ಕೆಲಸಕ್ಕೆ. ಇಲ್ಲಿ ಸರಿ ಮಾಡಿದರೆ ಅಲ್ಲಿ ಕೆಡುತ್ತದೆ. ಪ್ರತಿಯೊಂದು ಕಡೆಯೂ ಬ್ರಾಕೆಟ್ಟು ಹಾಕಿ, ಇದು ಮೊದಲು, ಇದು ಆಮೇಲೆ ಎಂದು ಬಿಡಿಸಿ ಹೇಳಬೇಕು. ಹಾಕಲು ಕೂತರು. ಅಂದು ಸಂಜೆಯವರೆಗೆ ಹಾಕಿದರು. ವಿಜಯದಶಮಿಯ ದಿನವೂ ಹಾಕಿದರು. ನಾನು ಮಗುವನ್ನು ಹಲಸೂರು ಕೆರೆಗೆ ಕರೆದುಕೊಂಡು ಹೋಗಿ ಬಂದೆ. ವಾಪಸು ಬಂದು ಇಬ್ಬರ ಮುಖ ನೋಡಿದೆ. ಫ್ರೇಜರ್ ಟೌನಿನವನು ತಾನಾಗಿಯೇ ಹೇಳಿದ.

"ಒಂದು ಮುಚ್ಚಿದ್ರೆ ಹತ್ತು ತೆಗೀತಿದೆ ಅಮ್ಮಾ. ಹತ್ತು ಹನ್ನೆರಡು ದಿನ ಬೇಕು."

ಅಷ್ಟು ದಿನ ನಮಗಿರಲಿಲ್ಲ. ಫೈಲನ್ನು ಮೊದಲಿದ್ದ ಹಾಗೆ ಇಟ್ಟರು.

ಮಾರನೆಯ ಬೆಳಿಗ್ಗೆ ಸರ್ ಊರಿನ ಪ್ರಸಾದ ಹಿಡಿದುಕೊಂಡು ಬಂದರು. ಎಲ್ಲ ಕೇಳಿಸಿಕೊಂಡರು. ಪೂಜೆ ತೆಗೆದದ್ದಕ್ಕೆ ನನ್ನ ಮುಖ ನೋಡಿದರು, ನಾನೂ ನೋಡಿದೆ. ಫೈಲು ತೆರೆದದ್ದಕ್ಕೆ ಸೊಸೆಗೆ ಏನೂ ಅನ್ನಲಿಲ್ಲ. ತಪ್ಪು ತಮ್ಮದೇ ಎಂದು ಅವರಿಗೆ ತಿಳಿದಿರಬೇಕು.

"ಒಂದು ಗಂಟೆ ಲೆಕ್ಕ ಮಾತ್ರ ತೋರ್ಸಿಬಿಡಿ. ಅವರು ಒಪ್ಕೊಳ್ಳಲಿ. ಆಸ್ಪತ್ರೆಗೆ ಹಾಕೋಕೆ ಹೆಂಗೂ ತಿಂಗಳಾಗತ್ತೆ. ಅಷ್ಟ್ರಲ್ಲಿ ಸರಿ ಮಾಡಣ."

"ಅಷ್ಟ್ರಲ್ಲೇ ಹಾಕ್ಬಿಟ್ರೆ ಸರ್?"

"ಹಾಕಲ್ಲಮ್ಮ. ನಾನು ಹೇಳ್ತಿದೀನಲ್ಲ."

ಸೊಸೆ ಮೇಲೆ ಬಂದಳು. ನಾನು ಬಂದವರಿಗೆ ಕಾಫಿ ಡಿಕಾಕ್ಷನ್ ಹಾಕುತ್ತಿದ್ದೆ. ಮಗು ಬಾಗಿಲಲ್ಲಿ ಕೂತು ಶೂ ಹಾಕಿಕೊಳ್ಳುತ್ತಿತ್ತು.

"ಅತ್ತೆ, ನಾನು ಇದನ್ನ ಅವ್ರಿಗೆ ಹೇಳ್ಬಿಟ್ರೆ ಆಫೀಸು ಇರಲ್ಲ."

"ಗೊತ್ತು."

"ಆಫೀಸಿಲ್ದಿದ್ರೆ ನಾನು..."

"ಅದೂ ಗೊತ್ತು."

"ಏನ್ ಮಾಡ್ಲಿ?"

"ನನ್ನ ಕೇಳ್ಬೇಡ."

"ಇನ್ಯಾರನ್ನ ಕೇಳ್ಲಿ?"

"ನನ್ನ ಕೇಳಿದ್ರೆ ಬಾಯ್ಮುಚ್ಕೊಂಡಿರು ಅಂತೀನಿ. ಅದಕ್ಕೇ ಕೇಳ್ಬೇಡ ಅಂದಿದ್ದು."

ಅವಳು ಮಗುವಿನ ಶೂ ಬಕಲ್ಲು ಹಾಕಿ, ಸೆರಗು ಸರಿಮಾಡಿಕೊಂಡು ಇಳಿದು ಹೋದಳು.

ನಾನು ಕಾಫಿ ತೆಗೆದುಕೊಂಡು ಹೋಗುವ ಹೊತ್ತಿಗೆ ಪಂಪು ಮೇಜಿನ ಮೇಲಿತ್ತು. ಬಂದವರು ಒಬ್ಬ ಡಾಕ್ಟರಮ್ಮ, ಜೊತೆಗೆ ಇಬ್ಬರು ಗಂಡಸರು. ಒಂದು ಗಂಟೆಯ ಲೆಕ್ಕ ತೋರಿಸಿದರು, ಸರಿಯಾಗಿ ಬಂತು. ತೂಕ ಬದಲಿಸಿ ತೋರಿಸಿದರು, ಅದೂ ಸರಿ ಬಂತು. ಡಾಕ್ಟರಮ್ಮ "ಚೆನ್ನಾಗಿದೆ, ನಮ್ಮ ಸಿಸ್ಟರ್‌ಗಳು ಬರೆಯೋ ತರಾನೇ ಇದೆ" ಎಂದರು. ಸರ್ ಅವರ ಮುಖ ಅರಳಿತು. ನಾನು ಲೋಟಗಳನ್ನು ಇಡುತ್ತಾ ಸೊಸೆಯ ಕಡೆ ನೋಡಿದೆ. ಸುಮ್ಮನಿರು, ಸುಮ್ಮನಿರು ಎಂದುಕೊಂಡೆ. ಸುಳ್ಳು ಯಾಕೆ ಬರೆಯಲಿ, ಹಾಗೇ ಅಂದುಕೊಂಡೆ.

"ಡಾಕ್ಟ್ರೇ, ಎರಡು ಗಂಟೆ ಹಾಕಿ ನೋಡಿ" ಎಂದಳು ಸೊಸೆ.

ಡಾಕ್ಟರಮ್ಮನೇ ಒತ್ತಿದರು. ಸಂಖ್ಯೆ ನೋಡಿದರು. ಕೈಚೀಲದಿಂದ ಪೆನ್ನು ತೆಗೆದು ಅಂಗೈಯ ಮೇಲೆ ಲೆಕ್ಕ ಮಾಡಿದರು.

"ಇದು ನಾಲ್ಕು ಪಟ್ಟಿದೆಯಲ್ರೀ."

"ಹೌದು."

"ಗೊತ್ತಿದ್ದೂ ಯಾಕೆ ತೋರಿಸಿದ್ರಿ?"

"ನಾಳೆ ನೀವೇ ಹಾಕ್ತೀರಲ್ಲ. ಆಗ ನಾನು ಪಕ್ಕದಲ್ಲಿ ಇರಲ್ಲ."

ಡಾಕ್ಟರಮ್ಮ ಅವಳನ್ನು ಹೊಗಳಲಿಲ್ಲ, ಬೈಯಲೂ ಇಲ್ಲ. ಸರಿಯಾದ ಮೇಲೆ ತಿಳಿಸಿ ಎಂದು ಎದ್ದರು. ಅರ್ಧ ಕಾಫಿ ಲೋಟದಲ್ಲೇ ಉಳಿಯಿತು.

ಅವರ ಕಾರು ತಿರುವು ದಾಟುವವರೆಗೆ ಸರ್ ಗೇಟಿನಲ್ಲೇ ನಿಂತಿದ್ದರು. ನಾನು ಅವರ ಹಿಂದೆ ಹೋದೆ. ನಾನು ಯಾರ ಹತ್ತಿರವೂ ಬೇಡಿದವಳಲ್ಲ. ಮಗನ ಕಾಯಿಲೆಯಲ್ಲಿ ಕೂಡ ಡಾಕ್ಟರ ಕಾಲು ಹಿಡಿಯಲಿಲ್ಲ. ಅಂದು ಗೇಟಿನ ಸರಳು ಹಿಡಿದುಕೊಂಡು ಬೇಡಿದೆ.

"ಸರಿ ಮಾಡ್ತಾಳೆ ಸರ್. ಹತ್ತು ದಿನ ಅಂದಿದಾರೆ. ಬಾಡಿಗೆ ಬೇಡ, ಕರೆಂಟ್ ಬಿಲ್ಲೂ ನಾನೇ ಕಟ್ತೀನಿ. ಬಾಗಿಲು ಮಾತ್ರ ಹಾಕ್ಬೇಡಿ."

"ಬಾಡಿಗೆ ವಿಷಯ ಅಲ್ಲಮ್ಮ" ಎಂದರು. ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಸಿಟ್ಟಿದ್ದರೆ ಇಳಿಯುತ್ತದೆ.

ಸೊಸೆ ಮತ್ತು ಫ್ರೇಜರ್ ಟೌನಿನವನು ಅದನ್ನು ಸರಿಮಾಡಿಯೇ ಬಿಟ್ಟರು. ಸರ್ ಅವರ ಇನ್ನೊಂದು ಕೆಲಸಕ್ಕೆ ಬೇರೆ ಗುರುತು ಕೊಟ್ಟು, ಗೀಟನ್ನು ಎಡಕ್ಕೆ ತಿರುಗಿಸಿದರಂತೆ. ಎರಡು ಗಂಟೆ, ಮೂರು ಗಂಟೆ, ಏನು ಕೊಟ್ಟರೂ ಸರಿ ಬಂತು. ಆಸ್ಪತ್ರೆಗೆ ಫೋನು ಮಾಡಿದರು. ಬೇರೆಯವರದು ತಗೊಂಡಾಯ್ತು ಎಂದು ಯಾರೋ ಗುಮಾಸ್ತ ಹೇಳಿದ. ದೀಪಾವಳಿಗೆ ಮೊದಲೇ ಕಂಪ್ಯೂಟರುಗಳು ಆಟೋದಲ್ಲಿ ಹೋದವು. ಫ್ರೇಜರ್ ಟೌನಿನವನು ಕ್ರಿಸ್‌ಮಸ್ಸಿಗೆ ಕೇಕು ಕೊಡಲು ಬಂದ. ಸೊಸೆ ಇರಲಿಲ್ಲ, ಮಗುವೂ ಇರಲಿಲ್ಲ. ಕೇಕು ಕೆಲಸದವಳಿಗೆ ಕೊಟ್ಟೆ.

ಅಣ್ಣಂದಿರು ಟೆಂಪೊ ತಂದು ಕರೆದುಕೊಂಡು ಹೋದದ್ದನ್ನು ವಿವರಿಸುವುದಿಲ್ಲ. ಮಗು ನಿದ್ದೆ ಮಾಡುತ್ತಿತ್ತು. ಸೊಸೆ ಕಾಲಿಗೆ ಬಿದ್ದಳು. "ಅವತ್ತು ನೀವು ಡಾಕ್ಟ್ರಿಗೆ ಹೇಳ್ಲೇಬೇಡ ಅಂದಿದ್ರೆ ಹೇಳ್ತಿರ್ಲಿಲ್ವೇನೋ ಅತ್ತೆ" ಎಂದಳು. ನಾನು ಮಗುವಿನ ಶೂ ತಂದು ಅವಳ ಚೀಲಕ್ಕೆ ಹಾಕಿದೆ.

ಕೆಳಗಿನ ಭಾಗವನ್ನು ಒಬ್ಬ ಟೈಲರಿಗೆ ಕೊಟ್ಟು, ನಾನು ಕೆ.ಆರ್. ಪುರಕ್ಕೆ ಹೋಗಿ ಚಿಂತಾಮಣಿ ಬಸ್ಸು ಹತ್ತುವುದನ್ನು ಅಭ್ಯಾಸ ಮಾಡಿಕೊಂಡೆ. ಸೊಸೆಯ ತವರಿಗೆ ಅತ್ತೆ ಹೋಗಿ ಎರಡೆರಡು ದಿನ ಉಳಿಯುವುದು ನಮ್ಮವರಲ್ಲಿ ಇಲ್ಲ. ಮಾನ ಬಿಟ್ಟಳು ಎಂದು ಆಡಿಕೊಂಡರು. ಅವಳ ದೊಡ್ಡತ್ತಿಗೆ ನನಗೆ ಬಡಿಸುವಾಗ ಪಾತ್ರೆ ಸದ್ದು ಮಾಡುತ್ತಿದ್ದಳು. ನಾನು ಎರಡನೆಯ ಸಲ ಸಾರು ಕೇಳಿ ಹಾಕಿಸಿಕೊಳ್ಳುತ್ತಿದ್ದೆ.

ಮುಂದಿನ ಆಯುಧಪೂಜೆಗೂ ಅಲ್ಲಿಗೇ ಹೋದೆ. ಸೊಸೆ ಆಗ ಅಲ್ಲಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಕೋಣೆಯಲ್ಲಿ ಅವಳದೇ ಒಂದು ಹಳೆಯ ಕಂಪ್ಯೂಟರು ಇತ್ತು. "ನೀವೇ ಪೂಜೆ ಮಾಡಿ ಅತ್ತೆ" ಎಂದಳು. ಅರಿಸಿನ ಕುಂಕುಮ ಮೇಜಿನ ಕಾಲಿಗೆ ಇಟ್ಟೆ, ಹಾರವನ್ನೂ ಮೇಜಿಗೇ ಸುತ್ತಿದೆ.

"ಅಜ್ಜಿ, ಕಂಪ್ಯೂಟರ್‌ಗೆ ಹೂವಿಲ್ವಾ?" ಎಂದಳು ಮೊಮ್ಮಗಳು.

"ಮೇಜಿಗೆ ಇಟ್ಟಿದೀನಲ್ಲ."

"ಅದು ಮೇಜು."

"ಅಷ್ಟು ಸಾಕು. ನಿಮ್ಮಮ್ಮನಿಗೆ ಕೆಲಸ ಇರತ್ತೆ."

ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಊಟವಾದ ಮೇಲೆ ಹೋಗಿ ಅದರ ಮುಂದೆ ಕೂತಳು. ನಾನು ಮಗುವಿನ ಜಡೆ ಹಾಕಿ ಮುಗಿಸಿ, ಸಂಜೆಯ ಬಸ್ಸು ಹಿಡಿಯಲು ಹೊರಟೆ.